ನಿವೃತ್ತಿಯ ಪ್ರವಾಸಕ್ಕೆ ಮೋಟಾರ್‌ಹೋಂ ಆರಿಸುವುದು ಹೇಗೆ? ಅಮೆರಿಕದಲ್ಲಿರುವ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ ನೆಲೆಸಿ ನಿವೃತ್ತರಾದ ಕನ್ನಡಿಗ ದಂಪತಿಗಳು ಆಸೆಪಟ್ಟು, ಅಡುಗೆಮನೆ ಹಾಸಿಗೆಗಳನ್ನು ಹೊತ್ತು ಓಡುವ ಮೋಟಾರ್‌ಹೋಂ ಕೊಳ್ಳುತ್ತಾರೆ, ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ನಷ್ಟಕ್ಕೆ ಮಾರುತ್ತಾರೆ. ಇದನ್ನು ಮತ್ತೆ ಮತ್ತೆ ನೋಡಿ ಸಂಕಟವಾಗಿ ಈ ಬರಹಕ್ಕೆ ಕೂತಿದ್ದೇನೆ. ಅವರು ಕೊಂಡ ಬಂಡಿಗಳಲ್ಲಿ ಹೆಚ್ಚಿನವು ಕೆಟ್ಟವಾಗಿರಲಿಲ್ಲ, ಆರಿಸಿದ ಕ್ರಮ ತಲೆಕೆಳಗಾಗಿತ್ತು. ಮೊದಲು ಪ್ರದರ್ಶನಕ್ಕೆ ಹೋಗಿ ಹೊಳೆಯುವ ಅಡುಗೆಮನೆಗೆ ಮನಸೋತರು, ಅಲ್ಲೇ ಮುಂಗಡ ಕೊಟ್ಟರು. ಎಲ್ಲಿಗೆ ಹೋಗುವುದು, ಯಾರು ಓಡಿಸುವುದು, ಎಷ್ಟು ಭಾರ ಹೇರಬಹುದು ಎಂಬ ಪ್ರಶ್ನೆಗಳು ಆಮೇಲೆ ಎದ್ದವು.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮುಗಿಸಿ. ಐದನೆಯ ಹಂತದವರೆಗೆ ಯಾವ ಮಾರಾಟಗಾರರಿಗೂ ನಿಮ್ಮ ಫೋನ್ ಸಂಖ್ಯೆ ಕೊಡುವ ಅಗತ್ಯವಿಲ್ಲ.

ಕೈಯಲ್ಲಿ ಇರಬೇಕಾದ ಸಾಮಾನು: ಅಳತೆ ಪಟ್ಟಿ, ಒಳ್ಳೆಯ ಟಾರ್ಚ್, ತೇವಾಂಶ ಅಳೆಯುವ ಚಿಕ್ಕ ಮೀಟರ್, ಟೈರ್ ಒತ್ತಡ ನೋಡುವ ಗೇಜ್, ನೋಟ್‌ಪುಸ್ತಕ, ನೀವು ದಿನವೂ ಬಳಸುವ ಪ್ರೆಶರ್ ಕುಕ್ಕರ್. ಕುಕ್ಕರ್ ಏಕೆಂದು ಏಳನೆಯ ಹಂತದಲ್ಲಿ ಗೊತ್ತಾಗುತ್ತದೆ.

## ಹಂತ 1: ಮೊದಲು ಕ್ಯಾಲೆಂಡರ್ ಬಿಡಿಸಿ

ವರ್ಷದಲ್ಲಿ ನಿಜಕ್ಕೂ ಎಷ್ಟು ರಾತ್ರಿ ಬಂಡಿಯಲ್ಲಿ ಮಲಗುತ್ತೀರಿ ಎಂದು ಬರೆಯಿರಿ. ನಮ್ಮವರಲ್ಲಿ ಅನೇಕರು ನವೆಂಬರ್‌ನಿಂದ ಫೆಬ್ರವರಿಯವರೆಗೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುತ್ತಾರೆ. ಅರಿಜೋನದ ಮರುಭೂಮಿ, ಫ್ಲಾರಿಡಾದ ಕಡಲತೀರ ಚೆನ್ನಾಗಿರುವುದು ಸರಿಯಾಗಿ ಅದೇ ತಿಂಗಳುಗಳಲ್ಲಿ. ಮಗಳ ಹೆರಿಗೆ, ಮೊಮ್ಮಕ್ಕಳ ರಜೆ, ವೈದ್ಯರ ತಪಾಸಣೆ, ಮದುವೆ-ಮುಂಜಿಗಳ ದಿನಗಳನ್ನೂ ಕಳೆಯಿರಿ. ಉಳಿಯುವುದು ನಲವತ್ತು ರಾತ್ರಿಗಿಂತ ಕಡಿಮೆಯಾದರೆ ಕೊಳ್ಳಬೇಡಿ, ಬಾಡಿಗೆಗೆ ಪಡೆಯಿರಿ. ನಿಂತ ಬಂಡಿಗೂ ವಿಮೆ ಕಟ್ಟಬೇಕು. ನಿಂತಲ್ಲೇ ಟೈರು ಹಳತಾಗುತ್ತದೆ, ಬ್ಯಾಟರಿ ಸಾಯುತ್ತದೆ, ಇಲಿ ತಂತಿ ಕಡಿಯುತ್ತದೆ.

ಇದೇ ಕೂತಾಗ ನಿಮ್ಮ ಬಡಾವಣೆಯ ಮನೆಮಾಲೀಕರ ಸಂಘದ ನಿಯಮವನ್ನೂ ಓದಿ. ಮನೆಯ ಮುಂದೆ ಮೋಟಾರ್‌ಹೋಂ ನಿಲ್ಲಿಸಲು ಹಲವು ಸಂಘಗಳು ಬಿಡುವುದಿಲ್ಲ. ಹಾಗಿದ್ದರೆ ತಿಂಗಳ ನಿಲುಗಡೆ ಬಾಡಿಗೆ ನಿಮ್ಮ ಲೆಕ್ಕಕ್ಕೆ ಸೇರಬೇಕು.

## ಹಂತ 2: ಉದ್ದವನ್ನು ರಸ್ತೆ ತೀರ್ಮಾನಿಸಲಿ

ಹೋಗಬೇಕೆಂದಿರುವ ಹತ್ತು ಸ್ಥಳಗಳ ಪಟ್ಟಿ ಮಾಡಿ, ಅಲ್ಲಿನ ಕ್ಯಾಂಪ್‌ಗ್ರೌಂಡ್‌ಗಳ ಉದ್ದದ ಮಿತಿಯನ್ನು ಒಂದೊಂದಾಗಿ ನೋಡಿ. ಯೊಸೆಮಿಟಿ ಕಣಿವೆಯಲ್ಲಿ 40 ಅಡಿಯ ಬಂಡಿ ಹಿಡಿಯುವ ಜಾಗಗಳು ಬೆರಳೆಣಿಕೆಯಷ್ಟು. ಗ್ಲೇಷಿಯರ್ ರಾಷ್ಟ್ರೀಯ ಉದ್ಯಾನದ ಗೋಯಿಂಗ್ ಟು ದ ಸನ್ ರಸ್ತೆಯಲ್ಲಿ ಅವಲಾಂಚ್‌ನಿಂದ ರೈಸಿಂಗ್ ಸನ್‌ವರೆಗಿನ ಬೆಟ್ಟದ ಭಾಗಕ್ಕೆ 21 ಅಡಿಗಿಂತ ಉದ್ದದ, ಕನ್ನಡಿ ಸೇರಿ 8 ಅಡಿಗಿಂತ ಅಗಲದ ವಾಹನ ಹೋಗುವಂತಿಲ್ಲ. ಝಯಾನ್ ಉದ್ಯಾನದ ಸುರಂಗಕ್ಕೂ ಎತ್ತರ-ಅಗಲಗಳ ಕಟ್ಟುನಿಟ್ಟಿದೆ.

ಹಣದ ಮಾತೂ ಇಲ್ಲಿಗೇ ಸೇರುತ್ತದೆ. 62 ವರ್ಷ ತುಂಬಿದ ಅಮೆರಿಕದ ಪ್ರಜೆಗಳಿಗೂ ಗ್ರೀನ್ ಕಾರ್ಡ್ ಇರುವವರಿಗೂ 80 ಡಾಲರಿಗೆ ರಾಷ್ಟ್ರೀಯ ಉದ್ಯಾನಗಳ ಪ್ರವೇಶಕ್ಕೆ ಜೀವಮಾನದ ಸೀನಿಯರ್ ಪಾಸ್ ಸಿಗುತ್ತದೆ. ಒಕ್ಕೂಟ ಸರ್ಕಾರದ ಅನೇಕ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಅದು ರಾತ್ರಿಯ ಶುಲ್ಕವನ್ನು ಅರ್ಧಕ್ಕೆ ಇಳಿಸುತ್ತದೆ. ಆದರೆ ಈ ಹಳೆಯ ಕ್ಯಾಂಪ್‌ಗ್ರೌಂಡ್‌ಗಳು ಚಿಕ್ಕ ಬಂಡಿಗಳ ಕಾಲದಲ್ಲಿ ಕಟ್ಟಿದವು. ನಲವತ್ತು ಅಡಿಯ ಬಂಡಿ ಕೊಂಡವರು ರಿಯಾಯಿತಿಯ ಜಾಗಗಳನ್ನು ದಾಟಿ ದುಬಾರಿ ಖಾಸಗಿ ಪಾರ್ಕುಗಳಿಗೆ ಹೋಗಬೇಕಾಗುತ್ತದೆ. ರಾಷ್ಟ್ರೀಯ ಉದ್ಯಾನಗಳೇ ನಿಮ್ಮ ಗುರಿಯಾದರೆ 25ರಿಂದ 28 ಅಡಿಯೊಳಗೆ ನಿಲ್ಲಿ ಎಂಬುದು ನನ್ನ ಖಚಿತ ಸಲಹೆ.

## ಹಂತ 3: ಎ, ಬಿ, ಸಿ ವರ್ಗಗಳಲ್ಲಿ ಒಂದಕ್ಕೆ ಇಳಿಯಿರಿ

ಕ್ಲಾಸ್ ಎ ಎಂದರೆ ಬಸ್ಸಿನಾಕಾರದ್ದು. ಪೆಟ್ರೋಲಿನವು ಬಹುತೇಕ ಫೋರ್ಡ್ ಎಫ್-53 ಚಾಸಿ (ಎಂಜಿನ್, ಚಕ್ರಗಳಿರುವ ಅಡಿಗಟ್ಟು) ಮೇಲೆ ಕಟ್ಟಿದವು. ಹಿಂದೆ ಎಂಜಿನ್ ಇರುವ ಡೀಸೆಲ್ ಬಂಡಿಗಳು ಫ್ರೈಟ್‌ಲೈನರ್, ಸ್ಪಾರ್ಟನ್ ಚಾಸಿಗಳ ಮೇಲೆ ಬರುತ್ತವೆ. ಜಾಗ ಧಾರಾಳ, ಭಾರ ಹೊರುವ ಶಕ್ತಿಯೂ ಹೆಚ್ಚು. ಊರೊಳಗೆ ತಿರುಗಾಡಲು ಹಿಂದೆ ಒಂದು ಕಾರು ಎಳೆದುಕೊಂಡು ಹೋಗಲೇಬೇಕಾಗುತ್ತದೆ. ಕ್ಯಾಲಿಫೋರ್ನಿಯದಲ್ಲಿ 40 ಅಡಿ ಮೀರಿದ ಬಂಡಿಗೆ ಬೇರೆಯೇ ಚಾಲನಾ ಪರವಾನಗಿ ಬೇಕು. ನಿಮ್ಮ ರಾಜ್ಯದ ನಿಯಮವನ್ನು ಮೊದಲೇ ನೋಡಿಕೊಳ್ಳಿ.

ಕ್ಲಾಸ್ ಬಿ ವ್ಯಾನ್. ಮರ್ಸಿಡಿಸ್ ಸ್ಪ್ರಿಂಟರ್, ರಾಮ್ ಪ್ರೋಮಾಸ್ಟರ್, ಫೋರ್ಡ್ ಟ್ರಾನ್ಸಿಟ್ ಇದರ ಮೂರು ಬುನಾದಿಗಳು. ದೇವಸ್ಥಾನದ ಪಾರ್ಕಿಂಗಿನಲ್ಲೂ ನಿಲ್ಲಿಸಬಹುದು. ಇಬ್ಬರು ಒಟ್ಟಿಗೆ ಎದ್ದು ಓಡಾಡಲು ಮಾತ್ರ ಆಗುವುದಿಲ್ಲ. ಮೂರು ದಿನ ಮಳೆ ಹಿಡಿದರೆ ಆ ಇಕ್ಕಟ್ಟು ತಾಳಬಲ್ಲಿರಾ ಎಂದು ಕೇಳಿಕೊಳ್ಳಿ. ಸ್ಪ್ರಿಂಟರ್ ಡೀಸೆಲ್ ಎಂಜಿನ್ನಿನ ರಿಪೇರಿ ಎಲ್ಲ ಊರಿನಲ್ಲೂ ಆಗುವುದಿಲ್ಲ. ಟ್ರಾನ್ಸಿಟ್ ಮತ್ತು ಪ್ರೋಮಾಸ್ಟರ್‌ಗೆ ಸಣ್ಣ ಊರುಗಳಲ್ಲೂ ಮೆಕ್ಯಾನಿಕ್ ಸಿಗುತ್ತಾರೆ.

ಕ್ಲಾಸ್ ಸಿ ಎರಡರ ನಡುವಿನದು. ಹೆಚ್ಚಾಗಿ ಫೋರ್ಡ್ ಇ-450 ವ್ಯಾನಿನ ಮುಂಭಾಗ, ಹಿಂದೆ ಮನೆ, ಚಾಲಕನ ತಲೆಯ ಮೇಲೆ ಒಂದು ಅಟ್ಟದ ಹಾಸಿಗೆ. ದೂರ ಪ್ರಯಾಣಿಸುವ, ಆಗಾಗ ಮೊಮ್ಮಕ್ಕಳನ್ನು ಕರೆದೊಯ್ಯುವ ದಂಪತಿಗೆ ಹೆಚ್ಚಾಗಿ ಒಪ್ಪುವುದು ಇದೇ. ಅಟ್ಟ ಮಕ್ಕಳಿಗಿರಲಿ, ಅರವತ್ತೈದು ದಾಟಿದವರು ಏಣಿ ಹತ್ತಿ ಮಲಗುವ ಯೋಜನೆ ಹಾಕಬೇಡಿ.

## ಹಂತ 4: ಬಾಡಿಗೆಗೆ ಪಡೆದು ಇಬ್ಬರೂ ಓಡಿಸಿ

ಕ್ರೂಸ್ ಅಮೆರಿಕದಂಥ ಬಾಡಿಗೆ ಸಂಸ್ಥೆಗಳಲ್ಲಿ ಕ್ಲಾಸ್ ಸಿ ಸಿಗುತ್ತದೆ, ಔಟ್‌ಡೋರ್ಸಿ, ಆರ್‌ವಿಶೇರ್ ಜಾಲತಾಣಗಳಲ್ಲಿ ಎಲ್ಲ ವರ್ಗಗಳೂ ಸಿಗುತ್ತವೆ. ಕನಿಷ್ಠ ಒಂದು ವಾರ ತೆಗೆದುಕೊಳ್ಳಿ. ವಾರಾಂತ್ಯದ ಎರಡು ರಾತ್ರಿ ಉತ್ಸಾಹದಲ್ಲೇ ಕಳೆದುಹೋಗುತ್ತವೆ. ನಾಲ್ಕನೆಯ ದಿನ ಕೊಳಚೆ ಟ್ಯಾಂಕ್ ಖಾಲಿ ಮಾಡುವಾಗ ನಿಜವಾದ ಅಭಿಪ್ರಾಯ ಹೊರಬರುತ್ತದೆ.

ಗಂಡ ಓಡಿಸುವುದು, ಹೆಂಡತಿ ಪಕ್ಕದಲ್ಲಿ ಕೂರುವುದು ಎಂಬ ಏರ್ಪಾಡು ನಮ್ಮವರಲ್ಲಿ ಬಹಳ. ಇದು ಅಪಾಯಕಾರಿ. ಮುಂದಿನ ಪಟ್ಟಣ ನೂರು ಮೈಲಿ ದೂರವಿರುವ ನೆವಾಡದ ರಸ್ತೆಯಲ್ಲಿ ಚಾಲಕನಿಗೆ ಎದೆನೋವು ಬಂದರೆ ಬಂಡಿ ಓಡಿಸುವವರು ಯಾರು? ಇಬ್ಬರೂ ಹೆದ್ದಾರಿ ಸೇರಬೇಕು, ಪೆಟ್ರೋಲ್ ಬಂಕಿನೊಳಗೆ ತಿರುಗಿಸಬೇಕು, ಹಿಮ್ಮುಖವಾಗಿ ನಿಲ್ಲಿಸಬೇಕು. ಒಬ್ಬರಿಗೆ ಸಾಧ್ಯವೇ ಆಗದಿದ್ದರೆ ಆ ಗಾತ್ರವನ್ನು ಪಟ್ಟಿಯಿಂದ ಹೊಡೆದುಹಾಕಿ.

## ಹಂತ 5: ಮೈಯಿಂದ ಪರೀಕ್ಷಿಸಿ

ಈಗ ಮಾರಾಟ ಅಂಗಳಕ್ಕೆ ಹೋಗಿ. ಒಂದು ಬಂಡಿಗೆ ಒಂದು ಗಂಟೆ ಕೊಡಿ. ಮಾರಾಟಗಾರರನ್ನು ಹೊರಗೆ ನಿಲ್ಲಲು ವಿನಯದಿಂದ ಕೇಳಿ.

ಮೆಟ್ಟಿಲು ಹತ್ತಿ ಇಳಿಯಿರಿ, ಕೈಯಲ್ಲಿ ಸಾಮಾನು ಹಿಡಿದು ಮತ್ತೆ ಹತ್ತಿ. ಮೊಣಕಾಲು ನೋವಿರುವವರ ಮಾತೇ ಇಲ್ಲಿ ಅಂತಿಮ. ಇಬ್ಬರೂ ಹಾಸಿಗೆಯಲ್ಲಿ ಮಲಗಿ. ಗೋಡೆಯ ಪಕ್ಕ ಮಲಗಿದವರು ನಡುರಾತ್ರಿ ಎದ್ದರೆ ಇನ್ನೊಬ್ಬರನ್ನು ದಾಟಿಯೇ ಶೌಚಾಲಯಕ್ಕೆ ಹೋಗಬೇಕೆ? ರಾತ್ರಿ ಎರಡು ಬಾರಿ ಏಳುವ ವಯಸ್ಸಿನಲ್ಲಿ ಇದು ಸಣ್ಣ ವಿಷಯವಲ್ಲ. ಎರಡೂ ಕಡೆಯಿಂದ ಇಳಿಯಬಹುದಾದ ಹಾಸಿಗೆ ಇರುವ ನಕ್ಷೆಯನ್ನೇ ಹುಡುಕಿ. ಶೌಚಾಲಯದಲ್ಲಿ ಬಾಗಿಲು ಮುಚ್ಚಿ ಕೂತು ನೋಡಿ. ಸ್ನಾನದ ಜಾಗದಲ್ಲಿ ನಿಂತು ಎರಡೂ ಕೈ ಎತ್ತಿ ತಲೆ ಉಜ್ಜುವಂತೆ ಮಾಡಿ.

ಬಳಿಕ ಸ್ಲೈಡ್‌ಗಳನ್ನು, ಅಂದರೆ ನಿಲ್ಲಿಸಿದಾಗ ಹೊರಕ್ಕೆ ಚಾಚುವ ಗೋಡೆಗಳನ್ನು, ಒಳಕ್ಕೆ ಎಳೆಯಲು ಹೇಳಿ. ದಾರಿಯಲ್ಲಿ ನಿಂತಾಗ ಬಂಡಿ ಈ ಸ್ಥಿತಿಯಲ್ಲೇ ಇರುತ್ತದೆ. ಫ್ರಿಜ್ ತೆರೆಯುತ್ತದೆಯೇ? ಶೌಚಾಲಯಕ್ಕೆ ದಾರಿ ಇದೆಯೇ? ಎಷ್ಟೋ ನಕ್ಷೆಗಳಲ್ಲಿ ಇರುವುದಿಲ್ಲ, ಪ್ರದರ್ಶನದಲ್ಲಿ ಸ್ಲೈಡ್ ಸದಾ ಹೊರಗೇ ಇರುವುದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

## ಹಂತ 6: ಹಳದಿ ಚೀಟಿ ಓದಿ, ಭಾರ ಕೂಡಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ನೆನಪಿಡುವುದಾದರೆ ಇದನ್ನು ನೆನಪಿಡಿ. ಬಾಗಿಲಿನ ಒಳಮೈಗೆ ಅಂಟಿಸಿದ ಹಳದಿ ಚೀಟಿಯಲ್ಲಿ ಜನ ಮತ್ತು ಸಾಮಾನಿನ ಒಟ್ಟು ಭಾರ ಇಷ್ಟು ಪೌಂಡ್ ಮೀರಬಾರದು ಎಂದು ಬರೆದಿರುತ್ತದೆ. ಇಂಧನ ಮತ್ತು ಪ್ರೊಪೇನ್ ಅನಿಲವನ್ನು ಅದರಲ್ಲಿ ಮೊದಲೇ ಕಳೆದಿರುತ್ತಾರೆ. ನೀವಿಬ್ಬರು, ಕುಡಿಯುವ ನೀರು, ಅಕ್ಕಿ ಡಬ್ಬಿ, ಎಲ್ಲವೂ ಆ ಸಂಖ್ಯೆಯೊಳಗೆ ಬರಬೇಕು. ಟ್ರೇಲರ್ ಎಳೆಯುವುದಾದರೆ ಅದರ ಮೂತಿ ಕೊಕ್ಕೆಯ ಮೇಲೆ ಒತ್ತುವ ಭಾರವೂ ಇದರಲ್ಲೇ ಸೇರುತ್ತದೆ.

ಚೀಟಿಯಲ್ಲಿ 1,340 ಪೌಂಡ್ ಎಂದಿದೆ ಎನ್ನಿ. ಗಂಡ ಹೆಂಡತಿ ಸೇರಿ 310. ನೀರು ಗ್ಯಾಲನ್ನಿಗೆ 8.3 ಪೌಂಡ್, 45 ಗ್ಯಾಲನ್ ಟ್ಯಾಂಕ್ ತುಂಬಿದರೆ 374. ಉಳಿದದ್ದು 656. ಎರಡು ವಿದ್ಯುತ್ ಸೈಕಲ್ಲು ಮತ್ತು ಅವುಗಳ ಸ್ಟ್ಯಾಂಡಿಗೆ 160 ಕಳೆದರೆ 496. ಕುರ್ಚಿ, ಮೇಜು, ನೀರಿನ ಕೊಳವೆಗಳು, ದಪ್ಪ ವಿದ್ಯುತ್ ಕೇಬಲ್, ಚಕ್ರದಡಿಯ ಹಲಗೆಗಳು, ಉಪಕರಣಗಳಿಗೆ 150, ಉಳಿದದ್ದು 346. ಪಾತ್ರೆ, ಕುಕ್ಕರ್, ಮಿಕ್ಸಿ, ಅಕ್ಕಿ, ಬೇಳೆ, ಹಿಟ್ಟು, ಎಣ್ಣೆಗೆ 120, ಉಳಿದದ್ದು 226. ಬಟ್ಟೆ, ಹೊದಿಕೆ, ಔಷಧಿ, ಲ್ಯಾಪ್‌ಟಾಪ್‌ಗಳಿಗೆ 150. ಕೊನೆಗೆ ಉಳಿಯುವುದು 76 ಪೌಂಡ್. ಮೊಮ್ಮಗ ಒಬ್ಬ ಹತ್ತಿದರೆ ಮುಗಿಯಿತು, ಅವನ ಅಪ್ಪ ಅಮ್ಮನಿಗೆ ಜಾಗವಿಲ್ಲ. ಆದರೆ ಕೈಪಿಡಿಯಲ್ಲಿ ಆ ಬಂಡಿ ‘ಆರು ಜನ ಮಲಗಬಹುದು’ ಎಂದಿರುತ್ತದೆ. ಮಲಗಬಹುದು ನಿಜ, ಅಷ್ಟು ಜನರನ್ನು ಹೊತ್ತು ಓಡುವಂತಿಲ್ಲ.

ಸ್ಪ್ರಿಂಟರ್ 3500 ಚಾಸಿ ಮೇಲೆ ಕಟ್ಟಿದ ಕ್ಲಾಸ್ ಸಿ ಬಂಡಿಗಳಲ್ಲಿ ಈ ಅಪಾಯ ಹೆಚ್ಚು. ಅವುಗಳ ಒಟ್ಟು ಭಾರದ ಮಿತಿ ಸಾಮಾನ್ಯವಾಗಿ 11,030 ಪೌಂಡ್. ಇ-450ಯಲ್ಲಿ ಅದು 14,500. ಮೇಲೆ ಕಟ್ಟಿದ ಮನೆ ಭಾರವಾದಷ್ಟೂ ನಿಮ್ಮ ಪಾಲಿಗೆ ಉಳಿಯುವುದು ಕಡಿಮೆ.

ಮಿತಿ ಮೀರಿದರೆ ಟೈರ್ ಬಿಸಿಯಾಗಿ ಸಿಡಿಯುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಸೋಲುತ್ತದೆ. ಹಳೆಯ ಬಂಡಿಯಾದರೆ ಪರೀಕ್ಷಾ ಚಾಲನೆಯಲ್ಲೇ ಟ್ರಕ್ ನಿಲ್ದಾಣದ ಕ್ಯಾಟ್ ಸ್ಕೇಲ್ (ವಾಹನ ತೂಗುವ ಕಟ್ಟೆ) ಮೇಲೆ ನಿಲ್ಲಿಸಿ. ಮುಂದಿನ ಮತ್ತು ಹಿಂದಿನ ಚಕ್ರದ ಅಚ್ಚುಗಳ (ಆಕ್ಸಲ್) ಭಾರ ಬೇರೆ ಬೇರೆಯಾಗಿ ಮುದ್ರಿಸಿ ಕೊಡುತ್ತಾರೆ. ಒಟ್ಟು ಭಾರ ಮಿತಿಯೊಳಗಿದ್ದು ಹಿಂದಿನ ಅಚ್ಚು ಮಾತ್ರ ಮಿತಿ ದಾಟಿರುವುದು ಉಂಟು.

ಎಚ್ಚರಿಕೆಯ ಚಿಹ್ನೆ: ‘ನೀರು ತುಂಬಿಸದೆ ಓಡಿಸಿ, ಎಲ್ಲರೂ ಹಾಗೇ ಮಾಡುತ್ತಾರೆ’ ಎಂದು ಮಾರಾಟಗಾರ ಹೇಳಿದರೆ ಆ ಬಂಡಿಗೆ ಭಾರ ಹೊರುವ ಶಕ್ತಿ ಸಾಲದು ಎಂದರ್ಥ.

## ಹಂತ 7: ನಮ್ಮ ಅಡುಗೆ, ನಮ್ಮ ನೀರು, ನಮ್ಮ ಔಷಧಿ

ಈ ಬಂಡಿಗಳ ಅಡುಗೆಮನೆಯನ್ನು ಸ್ಯಾಂಡ್‌ವಿಚ್ ತಿನ್ನುವವರಿಗಾಗಿ ಯೋಜಿಸಿರುತ್ತಾರೆ. ನಿಮ್ಮ ಕುಕ್ಕರನ್ನು ಒಲೆಯ ಮೇಲೆ ಇಟ್ಟು ನೋಡಿ. ಮೇಲಿರುವ ಮೈಕ್ರೊವೇವ್‌ಗೂ ಕುಕ್ಕರಿನ ತೂಕಕ್ಕೂ ನಡುವೆ ಎಷ್ಟು ಜಾಗವಿದೆ? ಸೀಟಿ ಹೊಡೆದಾಗ ಹಬೆ ನೇರ ಅದಕ್ಕೇ ಬಡಿಯುತ್ತದೆಯೇ? ಪಕ್ಕದ ಬರ್ನರಿನಲ್ಲಿ ಅದೇ ಹೊತ್ತಿಗೆ ಬಾಣಲೆ ಕೂರುತ್ತದೆಯೇ? ಅಡುಗೆ ಜಾಗಕ್ಕೆ ಹತ್ತಿರ ಛಾವಣಿಯಲ್ಲಿ ಜೋರಾದ ಫ್ಯಾನ್ ಇರಲೇಬೇಕು, ಇಲ್ಲದಿದ್ದರೆ ಒಗ್ಗರಣೆಯ ಹೊಗೆಗೆ ಅಲಾರಂ ಕೂಗುತ್ತದೆ. ಕೂಗುತ್ತದೆಂದು ಹೊಗೆ, ಅನಿಲ, ಕಾರ್ಬನ್ ಮೊನಾಕ್ಸೈಡ್ ಅಲಾರಂಗಳ ಬ್ಯಾಟರಿ ಎಂದೂ ಕೀಳಬೇಡಿ. ಅವುಗಳ ಬದಲಾವಣೆಯ ದಿನಾಂಕವನ್ನು ಸಾಮಾನ್ಯವಾಗಿ ಹಿಂಬದಿಯಲ್ಲಿ ಮುದ್ರಿಸಿರುತ್ತಾರೆ, ನೋಡಿಕೊಳ್ಳಿ.

ಅಕ್ಕಿ ಬೇಳೆ ತೊಳೆಯುವ, ಪಾತ್ರೆ ತೊಳೆಯುವ ನೀರು ಬೂದು ಟ್ಯಾಂಕಿಗೆ ಹೋಗುತ್ತದೆ. ನಮ್ಮ ಮನೆಗಳಲ್ಲಿ ಮೊದಲು ತುಂಬುವುದು ಅದೇ. 30 ಗ್ಯಾಲನ್ನಿಗಿಂತ ಕಡಿಮೆಯಿದ್ದರೆ ಎರಡು ಮೂರು ದಿನಕ್ಕೊಮ್ಮೆ ಖಾಲಿ ಮಾಡಲು ಓಡಬೇಕು. ಶೌಚಕ್ಕೆ ನೀರು ಬಳಸುವವರಿಗೆ ಕಪ್ಪು ಟ್ಯಾಂಕಿನ, ಅಂದರೆ ಶೌಚದ ಕೊಳಚೆ ಸೇರುವ ಟ್ಯಾಂಕಿನ, ಲೆಕ್ಕವೂ ಬೇರೆ. ನೀರು ಹೆಚ್ಚಿದ್ದರೆ ಆ ಟ್ಯಾಂಕ್ ಕಟ್ಟಿಕೊಳ್ಳುವುದಿಲ್ಲ, ಒಳ್ಳೆಯದೇ. ಆದರೆ ಕೆಲವು ವ್ಯಾನ್‌ಗಳಲ್ಲಿ ಇರುವ, ಐದು ಗ್ಯಾಲನ್ ಆಸುಪಾಸಿನ ಕೈಯಲ್ಲಿ ಎತ್ತಿ ಒಯ್ಯುವ ಪೆಟ್ಟಿಗೆ ಶೌಚಾಲಯ ದಿನವೂ ತುಂಬುತ್ತದೆ.

ವಿದ್ಯುತ್ತಿಗೆ ಬನ್ನಿ. 30 ಆಂಪ್ ಸಂಪರ್ಕವೆಂದರೆ 3,600 ವಾಟ್. ಏಸಿಗೆ ಸುಮಾರು 1,500, ಇಂಡಕ್ಷನ್ ಒಲೆಗೆ 1,800. ಇವೆರಡು ನಡೆಯುವಾಗ ಮಿಕ್ಸಿ ತಿರುಗಿಸಿದರೆ ಬ್ರೇಕರ್ ಬೀಳುತ್ತದೆ. 50 ಆಂಪ್ ಬಂಡಿಯಲ್ಲಿ 12,000 ವಾಟ್‌ವರೆಗೆ ಸಿಗುವುದರಿಂದ ಈ ತಾಪತ್ರಯವಿಲ್ಲ. ಸಂಪರ್ಕವಿಲ್ಲದ ಕಾಡಿನಲ್ಲಿ ತಂಗುವವರು, ಅದರಲ್ಲೂ ಇನ್ಸುಲಿನ್ ತಂಪಾಗಿಡಬೇಕಾದವರು, ಉಸಿರಾಟದ ಸಿಪ್ಯಾಪ್ ಯಂತ್ರ ಹಾಕಿ ಮಲಗುವವರು ಬ್ಯಾಟರಿಯನ್ನು ಮೊದಲು ನೋಡಬೇಕು. 100 ಆಂಪ್-ಅವರ್‌ನ ಲಿಥಿಯಂ ಬ್ಯಾಟರಿ ಸುಮಾರು 1,280 ವಾಟ್-ಅವರ್ ಕೊಡುತ್ತದೆ. ಫ್ರಿಜ್, ದೀಪ, ಸಿಪ್ಯಾಪ್‌ಗೆ ಒಂದು ರಾತ್ರಿ ಸಾಕು, ಏಸಿ ಹಾಕಿದರೆ ಒಂದು ಗಂಟೆಯೂ ಬಾರದು. ಹೆಪ್ಪುಗಟ್ಟುವ ಚಳಿಯಲ್ಲಿ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಅದಕ್ಕೆ ಬಿಸಿಯ ವ್ಯವಸ್ಥೆ ಇದೆಯೇ ಎಂದು ಕೇಳಿ.

## ಹಂತ 8: ಹಳೆಯದಾದರೆ ಮೇಲಿನಿಂದ ಕೆಳಕ್ಕೆ ತಪಾಸಣೆ

ಹೊಸ ಬಂಡಿ ಅಂಗಳ ದಾಟುತ್ತಿದ್ದಂತೆ ಬೆಲೆ ಕಳೆದುಕೊಳ್ಳುತ್ತದೆ. ಹಾಗಾಗಿ ಮೂರರಿಂದ ಆರು ವರ್ಷದ, ಓಡಿದ, ದಾಖಲೆ ಇಟ್ಟ ಬಂಡಿಯನ್ನೇ ನಾನು ಹೇಳುವುದು. ತೀರಾ ಕಡಿಮೆ ಮೈಲಿ ಓಡಿದೆ ಎಂದು ಹಿಗ್ಗಬೇಡಿ, ವರ್ಷಗಟ್ಟಲೆ ನಿಂತ ಬಂಡಿಯ ಸೀಲು, ಹೋಸು, ಜನರೇಟರ್ ಎಲ್ಲ ಒಣಗಿರುತ್ತವೆ.

ಈ ಬಂಡಿಗಳ ಶತ್ರು ನೀರು. ಮೊದಲು ಛಾವಣಿ ನೋಡಿ, ಫ್ಯಾನ್ ಮತ್ತು ಕಿಟಕಿ ಚೌಕಟ್ಟುಗಳ ಸುತ್ತಲಿನ ಸೀಲಂಟ್ ಬಿರಿದಿದೆಯೇ ಪರೀಕ್ಷಿಸಿ. ಒಳಗೆ ಛಾವಣಿಯ ಮೂಲೆಗಳಿಗೆ, ಬೀರುಗಳ ಹಿಂಬದಿಗೆ ತೇವದ ಮೀಟರ್ ಹಚ್ಚಿ. ಹೊರಗೋಡೆಗೆ ಕೆನ್ನೆ ತಾಗಿಸಿದಂತೆ ನಿಂತು ಉದ್ದಕ್ಕೆ ನೋಡಿ. ಇಳಿಬಿಸಿಲಿನಲ್ಲಿ ಉಬ್ಬುಗಳು ಕಂಡರೆ ಒಳಗಿನ ಪದರ ನೆನೆದು ಬಿಟ್ಟುಕೊಂಡಿದೆ, ಅಲ್ಲಿಂದ ಹೊರಟುಬಿಡಿ. ಸ್ನಾನದ ಜಾಗ ಮತ್ತು ಸ್ಲೈಡಿನ ಅಂಚಿನಲ್ಲಿ ನೆಲ ಮೆತ್ತಗಾಗಿದ್ದರೂ ಅಷ್ಟೇ. ಬಾಗಿಲು ತೆರೆದ ಕೂಡಲೇ ಸುಗಂಧದ ಘಾಟು ಬಡಿದರೆ ಬೂಷ್ಟಿನ ವಾಸನೆ ಮುಚ್ಚುತ್ತಿರಬಹುದು ಎಂದು ಅನುಮಾನಿಸಿ.

ಟೈರಿನ ಪಕ್ಕದಲ್ಲಿ DOT (ಡಾಟ್) ಅಕ್ಷರಗಳಿಂದ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದರೆ 2019ರ 23ನೆಯ ವಾರ. ಟೈರಿನ ಗೀರು (ಟ್ರೆಡ್) ಸವೆಯದೆ ಚೆನ್ನಾಗಿದ್ದರೂ ಆರು ಏಳು ವರ್ಷ ದಾಟಿದ ಟೈರುಗಳನ್ನು ಬದಲಿಸಬೇಕು, ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಎನ್ನಿ.

ಹೋಗುವ ಮೊದಲು ಮಾರುವವರಿಗೆ ಎರಡು ವಿನಂತಿ ಮಾಡಿ: ಎಂಜಿನ್ ತಣ್ಣಗಿರಲಿ, ಫ್ರಿಜ್ ಹಿಂದಿನ ರಾತ್ರಿಯಿಂದಲೇ ಓಡುತ್ತಿರಲಿ. ಅನಿಲದಿಂದ ನಡೆಯುವ ಫ್ರಿಜ್ ತಣ್ಣಗಾಗಲು ಬಹಳ ಗಂಟೆಗಳು ಬೇಕು. ಜನರೇಟರ್ ಹಾಕಿ ಅದರ ಮೇಲೆ ಏಸಿಯನ್ನು ಅರ್ಧ ಗಂಟೆ ಓಡಿಸಿ. ನೀರಿನ ಪಂಪ್ ಹಾಕಿ ಎಲ್ಲ ನಲ್ಲಿ ಮುಚ್ಚಿ. ಪಂಪ್ ಬಿಟ್ಟು ಬಿಟ್ಟು ಗುರುಗುಟ್ಟಿದರೆ ಎಲ್ಲೋ ಸೋರುತ್ತಿದೆ. ‘ಚಳಿಗಾಲಕ್ಕೆ ನೀರು ಇಳಿಸಿದ್ದೇವೆ, ಈಗ ತೋರಿಸಲಾಗದು’ ಎಂದರೆ ನೀರು ತುಂಬಿಸಿ ತೋರಿಸುವ ದಿನದವರೆಗೆ ಹಣ ಕೊಡಬೇಡಿ.

ಇಷ್ಟಾದ ಮೇಲೂ ಸ್ವತಂತ್ರ ತಪಾಸಣೆಗಾರರನ್ನು ಕರೆಸಿ. ನ್ಯಾಷನಲ್ ಆರ್‌ವಿ ಇನ್‌ಸ್ಪೆಕ್ಟರ್ಸ್ ಅಸೋಸಿಯೇಷನ್ ಪ್ರಮಾಣೀಕರಿಸಿದವರು ಎಲ್ಲ ಕಡೆ ಇದ್ದಾರೆ. ಅವರಿಗೆ ಅವಕಾಶ ಕೊಡದ ಮಾರಾಟಗಾರರ ಜೊತೆ ಮಾತು ಅಲ್ಲಿಗೇ ನಿಲ್ಲಿಸಿ. ವಾಹನದ ಗುರುತಿನ ಸಂಖ್ಯೆ (ವಿನ್) ಹಾಕಿ, ದೋಷ ಸರಿಪಡಿಸಲು ಕಂಪನಿ ಹೊರಡಿಸಿದ, ಇನ್ನೂ ಬಾಕಿಯಿರುವ ರೀಕಾಲ್‌ಗಳನ್ನೂ ಹುಡುಕಿ. ಚಾಸಿ ಕಂಪನಿಯದು ಬೇರೆ, ಮನೆ ಕಟ್ಟಿದ ಕಂಪನಿಯದು ಬೇರೆ ಇರುತ್ತದೆ.

## ಹಂತ 9: ಹಣ, ವಿಮೆ, ಕಾಗದ

‘ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ’ ಎಂಬ ಪ್ರಶ್ನೆಗೆ ಉತ್ತರಿಸಬೇಡಿ. ತೆರಿಗೆ, ಸಾಗಣೆ, ಸಿದ್ಧತೆ, ದಾಖಲೆ ಶುಲ್ಕ ಎಲ್ಲ ಸೇರಿದ ಒಟ್ಟು ಬೆಲೆಯನ್ನು ಲಿಖಿತವಾಗಿ ಕೇಳಿ. ಹದಿನೈದು ಇಪ್ಪತ್ತು ವರ್ಷದ ಸಾಲ ಸುಲಭವಾಗಿ ಸಿಗುತ್ತದೆ. ಬಂಡಿಯ ಬೆಲೆ ಸಾಲಕ್ಕಿಂತ ವೇಗವಾಗಿ ಇಳಿಯುವುದರಿಂದ, ಐದನೆಯ ವರ್ಷ ಮಾರಬೇಕಾಗಿ ಬಂದರೆ ಕೈಯಿಂದ ಹಣ ಹಾಕಬೇಕಾದೀತು. ನಿವೃತ್ತರು ಉಳಿತಾಯದಲ್ಲಿ ಕೊಳ್ಳಬಹುದಾದಷ್ಟು ಚಿಕ್ಕದನ್ನೇ ಕೊಳ್ಳಲಿ.

ಇಂಧನದ ಲೆಕ್ಕ ಸರಳ. ಗ್ಯಾಲನ್ನಿಗೆ 8 ಮೈಲಿ ಕೊಡುವ ಬಂಡಿ ವರ್ಷಕ್ಕೆ 5,000 ಮೈಲಿ ಓಡಿದರೆ 625 ಗ್ಯಾಲನ್. ವಿಮೆ, ನಿಲುಗಡೆ, ನೋಂದಣಿ, ಟೈರಿಗೆ ಎತ್ತಿಡುವ ಹಣ ಅದರ ಮೇಲೆ.

ಸಹಿ ಹಾಕಿದ ಮೇಲೆ ಮೂರು ದಿನದಲ್ಲಿ ವಾಪಸು ಕೊಡಬಹುದು ಎಂಬ ನಂಬಿಕೆ ಬಹಳ ಜನರಲ್ಲಿದೆ. ಮಾರಾಟ ಅಂಗಳದಲ್ಲಿ ಕೊಂಡ ವಾಹನಕ್ಕೆ ಒಕ್ಕೂಟದ ಆ ನಿಯಮ ಅನ್ವಯಿಸುವುದಿಲ್ಲ. ದೋಷಪೂರಿತ ವಾಹನಗಳ ಕಾನೂನು ಕೂಡ ಎಲ್ಲ ಕಡೆ ಮನೆಯ ಭಾಗಕ್ಕೆ ರಕ್ಷಣೆ ಕೊಡುವುದಿಲ್ಲ. ಕ್ಯಾಲಿಫೋರ್ನಿಯದಲ್ಲಿ ಚಾಸಿಗೆ ರಕ್ಷಣೆ ಉಂಟು, ವಾಸದ ಭಾಗಕ್ಕೆ ಇಲ್ಲ.

ತಿಂಗಳುಗಟ್ಟಲೆ ದಾರಿಯಲ್ಲಿರುವವರು ಆರೋಗ್ಯ ವಿಮೆಯನ್ನೂ ಈಗಲೇ ನೋಡಲಿ. ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಒರಿಜಿನಲ್ ಮೆಡಿಕೇರ್ ಇಡೀ ದೇಶದಲ್ಲಿ, ಅದನ್ನು ಒಪ್ಪುವ ಯಾವ ವೈದ್ಯರ ಬಳಿಯಾದರೂ ನಡೆಯುತ್ತದೆ. ಖಾಸಗಿ ಕಂಪನಿಗಳ ಮೂಲಕ ಬರುವ ಹಲವು ಮೆಡಿಕೇರ್ ಅಡ್ವಾಂಟೇಜ್ ಯೋಜನೆಗಳಲ್ಲಿ ತುರ್ತು ಚಿಕಿತ್ಸೆ ಬಿಟ್ಟು ಉಳಿದದ್ದೆಲ್ಲ ನಿಮ್ಮ ಊರಿನ ಆಸ್ಪತ್ರೆಗಳ ಜಾಲಕ್ಕೇ ಸೀಮಿತ.

## ಹಂತ 10: ವಶಕ್ಕೆ ಪಡೆಯುವ ದಿನ

ಅರ್ಧ ದಿನ ಬಿಡುವು ಮಾಡಿಕೊಂಡು ಹೋಗಿ. ನೀರು, ವಿದ್ಯುತ್, ಅನಿಲ ಮೂರನ್ನೂ ಜೋಡಿಸಿ ಪ್ರತಿಯೊಂದು ಗುಂಡಿ ಒತ್ತಿಸಿ, ವಿವರಣೆಯನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಕೆಟ್ಟದ್ದು ಕಂಡರೆ ‘ಆಮೇಲೆ ಸರಿಮಾಡಿ ಕೊಡುತ್ತೇವೆ’ ಎಂಬ ಬಾಯಿಮಾತು ಬೇಡ. ಸಹಿ ಹಾಕಿದ ಪಟ್ಟಿ ಕೈಗೆ ಬರಲಿ, ದೊಡ್ಡ ದೋಷವಾದರೆ ಸರಿಯಾಗುವವರೆಗೆ ಪೂರ್ತಿ ಹಣ ಕೊಡಬೇಡಿ. ಹಣ ಸಂದಾಯವಾದ ಬಂಡಿ ದುರಸ್ತಿಯ ಸಾಲಿನಲ್ಲಿ ವಾರಗಟ್ಟಲೆ ಕಾಯುವುದು ಈ ವ್ಯಾಪಾರದಲ್ಲಿ ಮಾಮೂಲು.

ಮೊದಲ ಮೂರು ರಾತ್ರಿ ಮಾರಾಟ ಅಂಗಳಕ್ಕೆ ಹತ್ತಿರದ ಕ್ಯಾಂಪ್‌ಗ್ರೌಂಡ್‌ನಲ್ಲೇ ತಂಗಿ. ಸ್ನಾನ, ಅಡುಗೆ, ಹೀಟರ್, ಏಸಿ, ಟ್ಯಾಂಕ್ ಖಾಲಿ ಮಾಡುವುದು ಎಲ್ಲ ಅಲ್ಲೇ ಆಗಲಿ. ಸಿಕ್ಕ ದೋಷಗಳನ್ನು ಬರೆದು ನಾಲ್ಕನೆಯ ಬೆಳಿಗ್ಗೆ ಬಂಡಿಯನ್ನು ಅಂಗಳಕ್ಕೆ ಮರಳಿ ಒಯ್ಯಿರಿ. ಅವೆಲ್ಲ ದುರಸ್ತಿಯಾಗುವವರೆಗೆ ಯೆಲ್ಲೊಸ್ಟೋನಿಗೂ ಗ್ರ್ಯಾಂಡ್ ಕ್ಯಾನ್ಯನ್‌ಗೂ ಜಾಗ ಕಾಯ್ದಿರಿಸಬೇಡಿ.